ಹೇಳಬೇಕಾದವರು

ಯಾರೂ ಕೈಗೆತ್ತಿಕೊಳ್ಳದ ಕೆಲಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಗಂಗಾಶ್ರೀಯ ತಲೆಗೆ ಹೊಕ್ಕಾಗ ಕಾಫಿ ಲೋಟ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಶಿರಾಳಕೊಪ್ಪದಲ್ಲಿ ಅಂದು ಸಂತೆ. ಕೆಳಗೆ ಅಪ್ಪನ ಬೀಜ-ಗೊಬ್ಬರದ ಅಂಗಡಿಯೆದುರು ಗೂಡ್ಸ್ ಆಟೋದವನೊಬ್ಬ ಹಾರ್ನ್ ಒತ್ತುತ್ತಲೇ ಇದ್ದ. ಅಂಗಡಿಯ ಮಹಡಿಯ ಮೇಲಿನ ಈ ಕೋಣೆ, ಊರೂರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿಕೊಡುವ ಅವಳ ಆಫೀಸು. ಇರುವುದು ಒಂದು ಕಂಪ್ಯೂಟರು, ಒಂದು ಫ್ಯಾನು, ಮತ್ತು ಅವಳು. ತೆರೆಯ ಮೇಲೆ ಸಾಲಾಗಿ ಹೆಸರುಗಳು, ಒಂದೊಂದು ಹೆಸರಿನ ಮುಂದೆಯೂ ಒಂದು ಹಸಿರು ಚುಕ್ಕೆ. ಹಸಿರು ಎಂದರೆ ಸುದ್ದಿ ಹೋಯಿತು. ತಾಳಗುಂದದ ಉಚ್ಚಂಗಪ್ಪನವರು ಇಂದು ಬೆಳಗಿನ ಜಾವ ಲಿಂಗೈಕ್ಯರಾಗಿದ್ದಾರೆ, ಹೊತ್ತು ಇಳಿಯುವ ಮೊದಲು ಅವರ ಹೊಲದಲ್ಲಿ ಕ್ರಿಯಾಸಮಾಧಿ. ಇಷ್ಟನ್ನು ಅವಳೇ ತನ್ನ ದನಿಯಲ್ಲಿ ಹೇಳಿ, ಹಾಗೆ ಹೇಳುವಾಗ ಗಂಟಲು ಎಷ್ಟು ಭಾರವಾಗಿರಬೇಕು ಎಂದು ಯೋಚಿಸಿ ಎರಡು ಸಲ ಅಳಿಸಿ, ಮೂರನೆಯದನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಳು. ಅದು ಉಚ್ಚಂಗಪ್ಪನವರ ನೆಂಟರಿಷ್ಟರಿಗೆಲ್ಲ ತಾನೇ ಫೋನು ಹಚ್ಚಿ ಕೇಳಿಸಬೇಕು. ಆದರೆ ನಿಜವಾಗಿ ಹೋದ ಕರೆಗಳನ್ನು ತೋರಿಸುವ ಇನ್ನೊಂದು ಕಿಟಕಿಯನ್ನು ಸುಮ್ಮನೆ ತೆರೆದು ನೋಡಿದರೆ, ಹಸಿರು ಚುಕ್ಕೆಗಳಷ್ಟು ಕರೆಗಳು ಅಲ್ಲಿರಲಿಲ್ಲ. ಒಂದಷ್ಟು ಮಂದಿಗೆ ಸುದ್ದಿ ಹೋಗದೆಯೇ ಹಸಿರು ಬಿದ್ದಿತ್ತು.

ಆ ಕ್ಷಣ ಅವಳಿಗೆ ಆದದ್ದು ಸಂತೋಷ. ಇದನ್ನು ಯಾರೊಡನೆಯೂ ಹೇಳಿಕೊಳ್ಳುವಂತಿಲ್ಲ, ಆದರೆ ಆದದ್ದು ಅದೇ. ಸಿಕ್ಕಿಬಿದ್ದೆಯಲ್ಲ, ಎಂದುಕೊಂಡಳು. ಪುಸ್ತಕದಲ್ಲಿ ಓದಿದ್ದನ್ನು, ಇಷ್ಟು ವರ್ಷ ಕಣ್ಣಿಗೆ ಬೀಳದಿದ್ದದ್ದನ್ನು ತನ್ನದೇ ಕೋಣೆಯಲ್ಲಿ ಜೀವಂತ ಹಿಡಿದಂತಾಗಿ, ಕುರ್ಚಿಯನ್ನು ಮುಂದಕ್ಕೆಳೆದು ಕೂತಳು. ತಾಳಗುಂದದಲ್ಲಿ ಒಬ್ಬ ಮನುಷ್ಯ ಸತ್ತು, ಮೈಗೆ ವಿಭೂತಿ ಹಚ್ಚಿಸಿಕೊಂಡು, ಗೋಡೆಗೆ ಒರಗಿ ಕೂತಿದ್ದಾನೆ ಎಂಬುದು ನೆನಪಾಗಲು ಒಂದು ಗಳಿಗೆ ಬೇಕಾಯಿತು. ನೆನಪಾದ ಮೇಲೂ ಕುತೂಹಲ ಪೂರ್ತಿ ಹೋಗಲಿಲ್ಲ, ನಾಚಿಕೆಯ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತಿತು. ನಾನೆಂಥ ಹೆಂಗಸು ಎಂದು ಕೇಳಿಕೊಳ್ಳುತ್ತಲೇ ಅವಳ ಬೆರಳುಗಳು ತಾನು ಬರೆದ ಪ್ರೋಗ್ರಾಮಿನ ಸಾಲುಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದವು.

ಸಂಗತಿ ದೊಡ್ಡದಲ್ಲ. ಪ್ರೋಗ್ರಾಮು ತಾನೇ ಒಂದೊಂದು ಫೋನು ಹಚ್ಚುತ್ತ ನಿಂತರೆ ತೆರೆ ಕಲ್ಲಾಗಿಬಿಡುತ್ತದೆ, ಬೇರೆ ಯಾವ ಕೆಲಸಕ್ಕೂ ಓಗೊಡುವುದಿಲ್ಲ. ಅದಕ್ಕೆ ಹಿಂದುಗಡೆ ಕೆಲಸ ಮಾಡುವ ಕೆಲವು ಎಳೆಗಳನ್ನು ಇಟ್ಟಿರುತ್ತಾರೆ. ಎಲ್ಲರೂ ಅವಕ್ಕೆ ಥ್ರೆಡ್ ಎನ್ನುತ್ತಾರೆ. ಗಂಗಾಶ್ರೀ ತನ್ನ ಮನಸ್ಸಿನಲ್ಲಿ ಆಳುಗಳು ಎನ್ನುತ್ತಾಳೆ. ಪ್ರೋಗ್ರಾಮು ಒಂದೊಂದು ಕರೆಯನ್ನೂ ಒಬ್ಬೊಬ್ಬ ಆಳಿಗೆ ಒಪ್ಪಿಸಿ ತಾನು ಮುಂದೆ ಹೋಗುತ್ತದೆ. ಆಳುಗಳೆಲ್ಲ ಬೇರೆ ಕೆಲಸದಲ್ಲಿದ್ದು, ಕಾಯುವ ಸಾಲೂ ತುಂಬಿಹೋಗಿದ್ದರೆ, ಆಳಿಲ್ಲ, ಈ ಕೆಲಸ ಹಿಡಿಯುವವರಿಲ್ಲ ಎಂದು ಒಳಗಿನಿಂದ ಒಂದು ಕೂಗು ಏಳುತ್ತದೆ. ಎಕ್ಸೆಪ್ಶನ್ ಎನ್ನುವುದು ಈ ಕೂಗಿಗೇ. ಬರೆಯುವವರು ಅದನ್ನು ಹಿಡಿದು ಏನಾದರೂ ಮಾಡಬೇಕು. ಗಂಗಾಶ್ರೀ ಹಿಡಿದಿದ್ದಳು, ಮಾಡಿರಲಿಲ್ಲ. ಹಿಡಿದ ಜಾಗದಲ್ಲಿ ಎರಡು ಕಂಸಗಳ ನಡುವೆ, ಕಂಪ್ಯೂಟರು ಓದದ ಒಂದು ಟಿಪ್ಪಣಿ ಮಾತ್ರ ಇತ್ತು: ಆಮೇಲೆ ನೋಡೋಣ. ಅದರ ಕೆಳಗಿನ ಸಾಲು ಏನೂ ಆಗದವರ ಹಾಗೆ ಹೋಗಿ ಹಸಿರು ಚುಕ್ಕೆ ಇಡುತ್ತಿತ್ತು. ಬರೆದವಳಿಗೇ ಈಗ ಅದನ್ನು ಓದಿದರೆ ನಗು ಬರುವಂತಿತ್ತು.

ಬೆಳಿಗ್ಗೆ ಆಳುಗಳು ಎಲ್ಲಿ ಸಿಕ್ಕಿಕೊಂಡಿದ್ದರು ಎಂದು ಹುಡುಕಿದರೆ, ಕೆಳಗೆ ಅಪ್ಪ ಹುಚ್ಚರಾಯಪ್ಪನವರ ಅಂಗಡಿಯಲ್ಲಿ. ಹುಚ್ಚರಾಯಪ್ಪನವರ ಅಂಗಡಿಗೆ ಮೆಕ್ಕೆಜೋಳದ ಹೊಸ ಬೀಜ ಬಂದಿದೆ ಎಂಬ ಸುದ್ದಿಯೂ ಅದೇ ಹೊತ್ತಿಗೆ ಅದೇ ಕಂಪ್ಯೂಟರಿನಿಂದ ಸುತ್ತಲಿನ ಊರಿಗೆಲ್ಲ ಹೋಗುತ್ತಿತ್ತು. ಅಪ್ಪ ಬೆಳಿಗ್ಗೆಯೇ ಬಂದು, ಸಂತೆಗೆ ಬರೋರಿಗೆ ಮೊದ್ಲೇ ತಿಳಿಬೇಕವ್ವ ಎಂದು ಅವಸರ ಮಾಡಿದ್ದರು. ಬೀಜದ ಮಾತೆಂದರೆ ರೈತರು ಫೋನು ಇಡುವುದಿಲ್ಲ, ಪೂರ್ತಿ ಕೇಳುತ್ತಾರೆ, ಮುಗಿದ ಮೇಲೂ ರೇಟೆಷ್ಟು ಎಂದು ಆ ದನಿಯನ್ನೇ ಕೇಳುತ್ತ ನಿಲ್ಲುತ್ತಾರೆ. ಒಬ್ಬೊಬ್ಬ ಆಳೂ ಒಬ್ಬೊಬ್ಬ ರೈತನ ಕಿವಿಗೆ ಕಟ್ಟುಬಿದ್ದಿದ್ದಾಗ ಉಚ್ಚಂಗಪ್ಪನವರ ಸಾವಿನ ಸುದ್ದಿ ಹೋಗಿ ಸಾಲಿನಲ್ಲಿ ನಿಂತಿದೆ. ಜಾಗ ಸಿಕ್ಕಿಲ್ಲ.

ಹಿಂದೊಮ್ಮೆ ಕೆಲಸ ಕೇಳಿಕೊಂಡು ಹೋಗಿದ್ದ ದಾವಣಗೆರೆಯ ಕಂಪನಿಯಲ್ಲಿ ಕನ್ನಡಕದವನೊಬ್ಬ ಸಂದರ್ಶನದಲ್ಲಿ ಇದನ್ನೇ ಕೇಳಿದ್ದ. ಎಲ್ಲಾ ಥ್ರೆಡ್‌ಗಳೂ ಕೆಲಸದಲ್ಲಿದ್ದಾಗ ಇನ್ನೊಂದು ಕೆಲಸ ಬಂದರೆ ಏನು ಮಾಡ್ತೀರಿ? ನಮ್ಮ ಕಡೆ ಅಷ್ಟು ಕೆಲಸ ಬರೋದಿಲ್ಲ ಸರ್, ಎಂದಿದ್ದಳು ಗಂಗಾಶ್ರೀ. ಪ್ರಾಮಾಣಿಕವಾಗಿಯೇ ಹೇಳಿದ್ದು. ಸಂದರ್ಶನಕ್ಕೆ ಕೂತಿದ್ದ ಮೂವರೂ ನಕ್ಕರು, ಒಬ್ಬಳಂತೂ ಪೆನ್ನು ಕೆಳಗಿಟ್ಟು ನಕ್ಕಳು. ಆಮೇಲೆ ಕನ್ನಡಕದವನೇ ದಯೆಯಿಂದ ಬಿಡಿಸಿ ಹೇಳಿದ. ಹೊಸ ಕೆಲಸವನ್ನು ಎಸೆಯಬಹುದು, ಹಳೆಯದನ್ನು ಎಸೆದು ಇದಕ್ಕೆ ಜಾಗ ಮಾಡಬಹುದು, ತಡೆದು ಕಾಯಬಹುದು, ಇಲ್ಲವೇ, ಕೆಲಸ ಒಪ್ಪಿಸಲು ಬಂದವರ ಕೈಗೇ ಅದನ್ನು ವಾಪಸ್ಸು ಕೊಟ್ಟು ನೀವೇ ಮಾಡಿ ಎನ್ನಬಹುದು. ಇದೆಂಥ ಪೆದ್ದುತನ, ಒಪ್ಪಿಸಿದವನು ತಾನೇ ಮಾಡುತ್ತ ನಿಂತರೆ ಹಿಂದಿನದೆಲ್ಲ ನಿಂತುಹೋಗುವುದಿಲ್ಲವೇ ಎಂದು ಅವಳಿಗೆ ಅನ್ನಿಸಿತ್ತು, ಕೇಳುವ ಧೈರ್ಯವಾಗಿರಲಿಲ್ಲ. ಬಸ್ಸಿನಲ್ಲಿ ಹೊನ್ನಾಳಿ ದಾಟುವವರೆಗೂ ಕಿವಿ ಬಿಸಿಯಾಗಿಯೇ ಇತ್ತು. ಅಮ್ಮ ನಾಟಿಯ ದಿನ ಗದ್ದೆಯ ಬದುವಿನ ಮೇಲೆ ನಿಂತಿದ್ದು ಆಗ ಯಾಕೋ ಕಣ್ಣೆದುರು ಬಂದಿತ್ತು. ಹಿಂದಿನ ವಾರ ಅಮ್ಮ ಯಾರ್ಯಾರ ಗದ್ದೆಗೆ ಹೋಗಿ ನಾಟಿ ಮಾಡಿ ಬಂದಿದ್ದಳೋ ಅವರೆಲ್ಲ ಅಂದು ಮುಯ್ಯಾಳಾಗಿ ಬರಬೇಕಿತ್ತು, ಒಬ್ಬರೂ ಬಂದಿರಲಿಲ್ಲ. ಸಸಿ ಕಿತ್ತಾಗಿತ್ತು. ಅಮ್ಮ ಸ್ವಲ್ಪ ಹೊತ್ತು ದಾರಿ ನೋಡಿ, ಸೀರೆ ಎತ್ತಿ ಕಟ್ಟಿ, ಒಬ್ಬಳೇ ಕೆಸರಿಗಿಳಿದಳು. ಆ ದಿನ ಮನೆಯಲ್ಲಿ ಯಾರಿಗೂ ಊಟವಿರಲಿಲ್ಲ.

ಸುದ್ದಿ ಹೋಗದವರ ಹೆಸರುಗಳನ್ನು ಹುಡುಕಿ ತೆಗೆದು ಗಂಗಾಶ್ರೀ ತಾನೇ ಫೋನು ಹಚ್ಚತೊಡಗಿದಳು. ಇದು ಸುಲಭ ಎಂದುಕೊಂಡಿದ್ದಳು. ಮೊದಲ ಮನುಷ್ಯ ಅವಳು ಪೂರ್ತಿ ಹೇಳುವವರೆಗೂ ಸುಮ್ಮನಿದ್ದು, ಆಮೇಲೆ ಪಕ್ಕದವರಿಗೆ, ಇದು ರೆಕಾರ್ಡು ಕಣೋ, ಮಾತಾಡಿದ್ರೆ ಕೇಳಲ್ಲ ಎಂದು ಹೇಳಿ ಇಟ್ಟುಬಿಟ್ಟ. ಕೇಳಿದ್ದು ಕೇಳಿಯಾಯಿತಲ್ಲ ಎಂದು ಅವಳು ಮುಂದಕ್ಕೆ ಹೋದಳು. ಒಬ್ಬಾಕೆ ಅತ್ತಳು. ಒಬ್ಬರು ವಯಸ್ಸೆಷ್ಟಾಗಿತ್ತು ಎಂದು ಕೇಳಿದರು, ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವಳು ಸಾವಿನ ಸುದ್ದಿ ಹೇಳಲು ಹೊರಟದ್ದಕ್ಕೆ ಅವರಿಗೆ ಸಿಟ್ಟು ಬಂತು. ಬೆಳಿಗ್ಗೆ ರೆಕಾರ್ಡು ಮಾಡುವಾಗ ಅಷ್ಟು ಭಾರವಾಗಿದ್ದ ಗಂಟಲು ಈಗ ಒಣಗಿಹೋಗಿತ್ತು. ಎಲ್ಲರಿಗೂ ಮುಟ್ಟಿತು, ಒಬ್ಬರನ್ನು ಬಿಟ್ಟು. ಸೊರಬದಾಚೆ ಉಳವಿಯ ಲೋಕಮ್ಮ. ಎಷ್ಟು ಸಲ ಹಚ್ಚಿದರೂ ಫೋನು ಸ್ವಿಚ್ ಆಫ್. ಲೋಕಮ್ಮ ಸತ್ತವರ ಒಬ್ಬಳೇ ತಂಗಿ.

ಉಚ್ಚಂಗಪ್ಪನವರ ಮಗ ಈಶ್ವರ ಬೆಳಿಗ್ಗೆ ತಾನೇ ಬೈಕಿನಲ್ಲಿ ಬಂದಿದ್ದ. ಅತ್ತು ಕೆಂಪಾದ ಕಣ್ಣು, ಅಂಗಿಯ ಗುಂಡಿ ಮೇಲೆ ಕೆಳಗೆ. ನಂಬರುಗಳನ್ನೆಲ್ಲ ಕೊಟ್ಟು, ಮೆಟ್ಟಿಲಿಳಿಯುವವನು ತಿರುಗಿ ಬಂದು, "ನಮ್ ಅತ್ತೆಗೆ ಮಾತ್ರ ಹೋಗ್ಲೇಬೇಕು ಕಣ್ರೀ. ಅಪ್ಪನ ಮುಖ ನೋಡ್ದಂಗೆ ಆಗ್ಬಾರ್ದು" ಎಂದ. ಆ ಮನೆಯ ಕತೆ ಶಿರಾಳಕೊಪ್ಪದಲ್ಲಿ ಯಾರಿಗೆ ಗೊತ್ತಿಲ್ಲ. ಈಶ್ವರನ ಮದುವೆಗೆ ಊರೂರು ತಿರುಗಿ ಎಲ್ಲರನ್ನೂ ಖುದ್ದಾಗಿ ಕರೆದ ಉಚ್ಚಂಗಪ್ಪನವರು, ಉಳವಿ ದೂರವಾಯಿತೆಂದು ಒಡಹುಟ್ಟಿದವಳಿಗೆ ಮಾತ್ರ ಲಗ್ನಪತ್ರಿಕೆಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಸೋದರತ್ತೆ ಮದುವೆಗೆ ಬರಲಿಲ್ಲ. ಅಣ್ಣ-ತಂಗಿ ಅಲ್ಲಿಂದ ಮಾತು ಬಿಟ್ಟರು. ಈಗ ಆ ಅತ್ತೆಗೆ ಫೋನು ಮಾಡಿ ಏನೆಂದು ಶುರು ಮಾಡುವುದು ಎಂಬುದು ಈಶ್ವರನ ಕಷ್ಟ. ಕಂಪ್ಯೂಟರೇ ಹೇಳುತ್ತೆ, ನೀವು ಮನೆ ಕಡೆ ನೋಡ್ಕಳ್ಳಿ ಎಂದು ಗಂಗಾಶ್ರೀ ಅಂದಾಗ ಅವನ ಹೆಗಲು ಇಷ್ಟು ಕೆಳಗಿಳಿದದ್ದನ್ನು ಅವಳು ನೋಡಿದ್ದಳು, ಒಬ್ಬರ ಭಾರ ಇಳಿಸಿದೆನೆಂದು ಒಳಗೊಳಗೇ ಹೆಮ್ಮೆಪಟ್ಟಿದ್ದಳು.

ಈಗ ಮಾಡಬೇಕಾದದ್ದು ಒಂದೇ. ಈಶ್ವರನಿಗೆ ಫೋನು ಮಾಡಿ, ನಿಮ್ಮ ಅತ್ತೆಗೆ ಸುದ್ದಿ ಹೋಗಿಲ್ಲ ಎನ್ನಬೇಕು. ಅವಳು ಫೋನಿನಲ್ಲಿ ಅವನ ಹೆಸರನ್ನು ತೆರೆದಳು, ನೋಡಿದಳು, ಮುಚ್ಚಿದಳು. ಆಗಲೇ ಅವನ ಫೋನಿಗೂ ಎಲ್ಲ ಹಸಿರಾಗಿದೆ ಎಂಬ ವರದಿ ಹೋಗಿತ್ತು. ಆ ಹಸಿರು ಸುಳ್ಳು ಎಂದು ಹೇಳುವುದಕ್ಕಿಂತ ಉಳವಿಗೆ ಹೋಗಿ ಬರುವುದೇ ಹಗುರ ಎನಿಸಿತು. ಆಳು ಸಿಗದಿದ್ದರೆ ಕೆಲಸ ಒಪ್ಪಿಸಿದವಳೇ ಮಾಡಬೇಕು ತಾನೇ, ಒಪ್ಪಿಸಿದವಳು ನಾನು, ಹೋಗುತ್ತೇನೆ. ಈ ತರ್ಕ ಅವಳಿಗೆ ಬಹಳ ಚೆನ್ನಾಗಿ ಕಂಡಿತು. ಅಪ್ಪನಿಗೆ ಊಟಕ್ಕೆ ಕಾಯಬೇಡಿ ಎಂದು ಹೇಳಿ ಸ್ಕೂಟರು ತೆಗೆದಳು.

ಸೊರಬದ ರಸ್ತೆಯಲ್ಲಿ ಎರಡೂ ಕಡೆ ಉತ್ತ ಹೊಲ, ಬೀಜ ಬಿದ್ದು ಮಳೆಗೆ ಕಾಯುತ್ತಿರುವ ನೆಲ. ಆನವಟ್ಟಿಯ ಕಡೆಯಿಂದ ಬಂದ ಲಾರಿಯೊಂದು ಧೂಳು ಮುಖಕ್ಕೆ ರಾಚಿ ಹೋಯಿತು. ಲೋಕಮ್ಮನ ಫೋನು ಆಫ್ ಆಗಿರುವುದರಿಂದ, ಆಳು ಸಿಕ್ಕಿದ್ದರೂ ಕರೆ ಮುಟ್ಟುತ್ತಿರಲಿಲ್ಲವಲ್ಲ ಎಂಬ ಯೋಚನೆ ಬಂದು ಗಂಗಾಶ್ರೀಗೆ ಇದ್ದಕ್ಕಿದ್ದಂತೆ ಹಗುರಾಯಿತು. ಹಾಗಾದರೆ ನನ್ನ ತಪ್ಪೇ ಇಲ್ಲ! ಸ್ಕೂಟರಿನ ವೇಗವೂ ಹೆಚ್ಚಿತು. ಆದರೆ ಸಮಾಧಾನ ಬಂದ ದಾರಿಯಲ್ಲೇ ಅದರ ಉತ್ತರವೂ ಬಂತು. ಆಳು ಸಿಕ್ಕಿದ್ದರೆ ಅವನು ಫೋನು ಹಚ್ಚಿ, ಮುಟ್ಟದೆ, ಮುಟ್ಟಲಿಲ್ಲ ಎಂದು ವಾಪಸ್ಸು ಹೇಳುತ್ತಿದ್ದ. ಕೆಂಪು ಚುಕ್ಕೆ ಬೀಳುತ್ತಿತ್ತು, ಈಶ್ವರ ಬೆಳಿಗ್ಗೆಯೇ ಯಾರನ್ನಾದರೂ ಓಡಿಸುತ್ತಿದ್ದ. ಆಗದೇ ಹೋದದ್ದಕ್ಕೂ, ಆಗಲಿಲ್ಲವೆಂದು ತಿಳಿಯದೇ ಹೋದದ್ದಕ್ಕೂ ನಡುವೆ ಇಷ್ಟು ದೊಡ್ಡ ಕಂದಕ ಇರುವುದು ಅವಳಿಗೆ ಇವತ್ತಿನವರೆಗೆ ಹೊಳೆದಿರಲಿಲ್ಲ. ಆ ಎರಡು ಕಂಸಗಳ ನಡುವೆ ಕೂಗು ಎದ್ದಿತ್ತು. ಕೂಗಿದ್ದನ್ನು ಕೇಳದ ಹಾಗೆ ಮಾಡಿಟ್ಟವಳು ತಾನು. ಇಷ್ಟು ದಿನದಲ್ಲಿ ಎಷ್ಟು ಸಲ ಕೂಗಿತ್ತೋ, ಯಾರ್ಯಾರ ಮನೆಯ ಸುದ್ದಿ ಹೀಗೆ ಹಸಿರಾಯಿತೋ. ಸೊರಬದ ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದಾಗ ಅವಳು ಬೆಚ್ಚಿ ಬ್ರೇಕು ಹಾಕಿದಳು.

ಉಳವಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಲೋಕಮ್ಮನೋರ ಮನೆಯಾ ಎಂದು ಕೇಳಿದ ಕೂಡಲೇ ಅಂಗಡಿಯವನು ಅವಳನ್ನು ಒಂದು ಥರ ನೋಡಿ, ದನಿ ತಗ್ಗಿಸಿ ದಾರಿ ತೋರಿಸಿದ. ರಸ್ತೆಗೇ ತೆರೆದುಕೊಂಡ ಹೊಸ ಕಾಂಕ್ರೀಟಿನ ಮನೆ. ಜಗಲಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡು ಕೂದಲು ಬಿಗಿಯಾಗಿ ಕಟ್ಟಿ, ಒಗೆದ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ರಸ್ತೆ ನೋಡುತ್ತಿದ್ದಳು. ಗಂಗಾಶ್ರೀ ಸ್ಕೂಟರು ನಿಲ್ಲಿಸುತ್ತಿದ್ದಂತೆ ಒಳಗಿನಿಂದ ಸೊಸೆ ಸೌಂದರ್ಯ ಓಡಿಬಂದು, ತಾಳಗುಂದದಿಂದ ಬಂದ್ರಾ ಎಂದು ಕೇಳಿದಳು. ಶಿರಾಳಕೊಪ್ಪದಿಂದ ಎಂದು ತಿಳಿದು ಅವಳ ಮುಖ ಸಣ್ಣದಾಯಿತು. ಬೆಳಗಿನ ಬಸ್ಸಿನವರು ಹೇಳಿ ವಿಷಯ ಗೊತ್ತಾಗಿದೆ. ಆಗಿನಿಂದ ಅತ್ತೆ ಹೀಗೇ ಕೂತಿದ್ದಾರೆ, ನೀರೂ ಕುಡಿದಿಲ್ಲ, ಅತ್ತೂ ಇಲ್ಲ. ಫೋನು ಚಾರ್ಜಿಗೆ ಹಾಕಲೂ ಬಿಡಲಿಲ್ಲ, ಬರೋರು ಮನೆಗೇ ಬರ್ತಾರೆ ಅಂದರು. ಹೋಗೋಣ ಎಂದು ಮಗ ಎಷ್ಟು ಹೇಳಿದರೂ ಆ ಮನೆಯಿಂದ ಯಾರೂ ಹೇಳಿಲ್ಲವಲ್ಲ ಎನ್ನುತ್ತಾರೆ. ಇಷ್ಟನ್ನೂ ಸೌಂದರ್ಯ ಒಂದೇ ಉಸಿರಿಗೆ ಪಿಸುಗುಟ್ಟಿ ಸರಿದು ನಿಂತಳು.

ಗೊತ್ತಿದೆ. ಗೊತ್ತಿದ್ದೂ ಕೂತಿದ್ದಾಳೆ. ಗಂಗಾಶ್ರೀಗೆ ಮತ್ತೆ ಆ ಕೆಟ್ಟ ಕುತೂಹಲ ತಲೆಯೆತ್ತಿತು. ಸುದ್ದಿಯೆಂದರೆ ಅವಳ ಪ್ರಕಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಬೇಕಾದದ್ದು. ಇಲ್ಲಿ ಮುಟ್ಟಿಯಾಗಿತ್ತು, ಯಾವ ಆಳಿನ ಹಂಗೂ ಇಲ್ಲದೆ ಬಸ್ಸಿನಲ್ಲೇ ಬಂದು ಮುಟ್ಟಿತ್ತು. ಆದರೂ ಈ ಹೆಂಗಸಿಗೆ ಮುಟ್ಟಿರಲಿಲ್ಲ. ಅವಳು ಜಗಲಿಯ ಕೆಳಗೆ ನಿಂತು, ಬೆಳಿಗ್ಗೆ ರೆಕಾರ್ಡಿಗೆ ಹೇಳಿದ ಮಾತನ್ನೇ ಹೇಳಿದಳು. ಲಿಂಗೈಕ್ಯರಾಗಿದ್ದಾರೆ ಎಂಬಲ್ಲಿ ನಾಲಿಗೆ ತಡವರಿಸಿತು. ಲೋಕಮ್ಮ ಪೂರ್ತಿ ಕೇಳಿದಳು.

"ನೀ ಯಾರ ಪೈಕಿ, ತಂಗಿ?" ಎಂದಳು.

ಯಾರ ಪೈಕಿಯೂ ಅಲ್ಲ, ಸುದ್ದಿ ಮುಟ್ಟಿಸುವ ಕೆಲಸ ತನ್ನದು ಎಂದು ಗಂಗಾಶ್ರೀ ಹೇಳಬೇಕಾಯಿತು. ಹೇಳುತ್ತ ಹೇಳುತ್ತ, ಯಾಕೋ ನಿಲ್ಲಿಸಲಾಗದೆ, ಎಲ್ಲವನ್ನೂ ಹೇಳಿಬಿಟ್ಟಳು. ಈಶ್ವರ ಮಿಷನ್ನಿಗೆ ಒಪ್ಪಿಸಿದ್ದು, ಮಿಷನ್ನಿನೊಳಗೆ ಕೈ ಖಾಲಿ ಇಲ್ಲದ್ದು, ಖಾಲಿ ಇಲ್ಲವೆಂದು ಅದು ಹೇಳಿದರೂ ತಾನು ಅದರ ಬಾಯಿ ಮುಚ್ಚಿಸಿಟ್ಟಿದ್ದು, ಹೋಗದ ಸುದ್ದಿಯನ್ನು ಹೋಗಿದೆ ಎಂದು ತೋರಿಸಿದ್ದು. ನೀವು ಬನ್ನಿ, ನನ್ನ ಸ್ಕೂಟರಿನಲ್ಲೇ ಕರಕೊಂಡು ಹೋಗುತ್ತೇನೆ, ಹೊತ್ತಾಗುತ್ತಿದೆ ಎಂದಳು.

"ಪಾಪ, ನೀ ದೂರದಿಂದ ಬಂದಿ. ಒಳಗೋಗಿ ಊಟ ಮಾಡು" ಎಂದಳು ಲೋಕಮ್ಮ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಾ ಬರಕ್ಕೆ ಹಟ ಮಾಡ್ತಿಲ್ಲ. ಹೊರಟೇ ಕೂತೀನಿ ನೋಡು. ಆದ್ರೆ ಕಂಡಕ್ಟರ್ ಹೇಳಿದ್ದಕ್ಕೆ, ನೀ ಹೇಳಿದ್ದಕ್ಕೆ ಎದ್ದು ಹೋದ್ರೆ, ನಾ ಅವನ ತಂಗಿ ಹೆಂಗಾದೆ? ಊರೋರಂಗೆ ಹೋದಂಗಾತು."

ಗಂಗಾಶ್ರೀ ಜಗಲಿಯ ಅಂಚಿನಲ್ಲಿ ಕೂತಳು. ಅಲ್ಲಿ ತಾಳಗುಂದದ ಹೊಲದಲ್ಲಿ ಈ ಹೊತ್ತಿಗೆ ಗುಣಿ ತೋಡಿ ಮುಗಿದಿರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಎತ್ತುತ್ತಾರೆ, ಆಮೇಲೆ ಆ ಮುಖ ಯಾರಿಗೂ ಸಿಗುವುದಿಲ್ಲ. ಶಿರಾಳಕೊಪ್ಪದಿಂದ ಇಷ್ಟು ದೂರ ಅವಳನ್ನು ಎಳೆದು ತಂದ ಆ ಚೆಂದದ ತರ್ಕ ಎಲ್ಲಿ ತಪ್ಪಿತೆಂದು ಅವಳಿಗೆ ಈಗ ಕಂಡಿತು. ಕೆಲಸ ಒಪ್ಪಿಸಿದವಳು ತಾನಲ್ಲ. ತಾನೂ ಒಬ್ಬ ಆಳು. ಒಪ್ಪಿಸಿದವನು ತಾಳಗುಂದದಲ್ಲಿ, ಎಲ್ಲ ಹಸಿರೆಂದು ನಂಬಿ, ಅತ್ತೆ ಯಾಕೆ ಬರಲಿಲ್ಲವೆಂದು ದಾರಿ ನೋಡುತ್ತ, ಬಂದಿಲ್ಲವೆಂದರೆ ಇನ್ನೂ ಸಿಟ್ಟಿರಬೇಕು ಎಂದುಕೊಳ್ಳುತ್ತ ಕೂತಿದ್ದಾನೆ. ಅವನಿಗೆ ಹೇಳುವುದನ್ನು ತಪ್ಪಿಸಿಕೊಳ್ಳಲೆಂದೇ ತಾನು ಇಷ್ಟು ದೂರ ಬಂದದ್ದು. ಅವಳಿಗೆ ತನ್ನ ಮೇಲೆ ಅಸಹ್ಯ ಬಂತು, ಜೊತೆಗೆ ಒಂದು ಬಗೆಯ ನಿಚ್ಚಳವೂ ಬಂತು. ಫೋನು ತೆಗೆದು ಈಶ್ವರನಿಗೆ ಹಚ್ಚಿದಳು.

ಹಿಂದುಗಡೆ ಭಜನೆಯ ತಾಳ ಕೇಳುತ್ತಿತ್ತು. ಅವನು ಪೂರ್ತಿ ಕೇಳುವ ಮೊದಲೇ ದನಿ ಏರಿಸಿದ, ಎಲ್ಲಾ ಹಸಿರು ತೋರಿಸ್ತಲ್ರೀ, ನೀವೇ ಹೇಳಿದ್ರಲ್ರೀ ಎಂದ. ಆ ಹಸಿರು ಸುಳ್ಳು, ತಪ್ಪು ನನ್ನದೇ ಎಂದು ಗಂಗಾಶ್ರೀ ಹೇಳಿದಳು. ಹೇಳಿದ ಮೇಲೆ ಅದು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ತಾನು ಉಳವಿಯಲ್ಲೇ ಇದ್ದೇನೆ, ಅವರು ಹೊರಟು ಕೂತಿದ್ದಾರೆ ಎಂದಳು. ಹಂಗಾದ್ರೆ ಕರ್ಕಂಡ್ ಬನ್ನಿ, ಮತ್ತಿನ್ನೇನು ಎಂದ ಅವನು.

"ನನ್ ಕೈಲಿ ಆಗಲ್ಲ ಈಶ್ವರ್. ನೀವೇ ಹೇಳ್ಬೇಕು."

ತಾಳ ಕೇಳುತ್ತಲೇ ಇತ್ತು. ಯಾರೋ ಅವನನ್ನು ಏನೋ ಕೇಳಿದರು, ಅವನು ತಡೀರಿ ಎಂದ. ನಾನ್ ಏನಂತ ಹೇಳ್ಲಿ ಎಂದು ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದ. ಗಂಗಾಶ್ರೀ ಸ್ಪೀಕರಿಗೆ ಹಾಕಿ ಫೋನನ್ನು ಲೋಕಮ್ಮನ ಅಂಗೈಯಲ್ಲಿಟ್ಟಳು. ಲೋಕಮ್ಮ ಅದನ್ನು ಕಿವಿಗೆ ಹಿಡಿಯಲಿಲ್ಲ, ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಸೌಂದರ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅತ್ತೆ" ಎಂದ ಈಶ್ವರ. "ನಾನು ಈಶ್ವರ, ಅತ್ತೆ. ಅಪ್ಪ ಹೋಗ್ಬಿಟ್ಟ."

ಬೆಳಗಿನಿಂದ ಎಲ್ಲ ಗೊತ್ತಿದ್ದ ಲೋಕಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಯಾವಾಗ್ಲೋ ಮಗಾ?" ಎಂದಳು.

ಕೇಳಿದ ಮೇಲೆ ಅಳು ಬಂತು. ಅಣ್ಣಾ ಎಂದು ಅವಳು ಕೂಗಿದ್ದಕ್ಕೆ ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಫೋನಿನೊಳಗೆ ಈಶ್ವರನೂ ಅಳುತ್ತಿದ್ದ. ಬೆಳಗಿನ ಜಾವ ಅತ್ತೆ, ನೀರು ಕೇಳ್ದ, ಕೊಡೋದ್ರೊಳಗೆ ಹೋದ ಎನ್ನುತ್ತಿದ್ದ. ನೀನು ಬರೋಗಂಟ ಎತ್ತಲ್ಲ, ಎಷ್ಟೊತ್ತಾದ್ರೂ ಎತ್ತಲ್ಲ ಎನ್ನುತ್ತಿದ್ದ. ಗಂಗಾಶ್ರೀ ಸ್ಕೂಟರನ್ನು ರಸ್ತೆಯ ಕಡೆಗೆ ತಿರುಗಿಸಿ ಹಿಡಿದು ನಿಂತಳು. ಲೋಕಮ್ಮ ಅಳುತ್ತಲೇ ಎದ್ದು, ಸೊಸೆಯ ಕೈ ಹಿಡಿದು ಜಗಲಿಯಿಂದ ಇಳಿದಳು.